ದೇವದಾನಪ್ಪ ದನಿ ನಿಲ್ಲಿಸಿದ ಭಾನುವಾರ

ಕಳೆದ ತಿಂಗಳು ಇಬ್ಬರು ಹೊಸ ಸಭಾಪಾಲಕರು ಹೊಸಪೇಟೆಯ ನನ್ನ ಮನೆಗೆ ಬಂದಿದ್ದರು. ಒಬ್ಬ ಯುವಕ, ಒಬ್ಬ ಯುವತಿ. ಸೆಮಿನರಿ ಮುಗಿಸಿ ದೀಕ್ಷೆ ಪಡೆದಿದ್ದಾರೆ. ಮೊದಲ ಸಭೆಗೆ ಹೋಗುವ ಮುಂಚೆ ನಿವೃತ್ತರಾದ ಯಾರನ್ನಾದರೂ ಕಂಡುಬನ್ನಿ ಎಂದು ಅವರ ಗುರುಗಳು ಹೇಳಿದ್ದರಂತೆ. ಪ್ರಸಂಗವನ್ನು ಎಷ್ಟು ದಿನ ಮುಂಚೆ ಬರೆದುಕೊಳ್ಳಬೇಕು, ಸಭಾ ಸಮಿತಿಯಲ್ಲಿ ಜಗಳವಾದರೆ ಯಾರ ಕಡೆ ನಿಲ್ಲಬೇಕು, ವಾರಕ್ಕೆ ಎಷ್ಟು ಮನೆಗೆ ಭೇಟಿ ಕೊಡಬೇಕು ಎಂದೆಲ್ಲ ಕೇಳಿದರು. ತಿಳಿದಷ್ಟು ಹೇಳಿದೆ. ಅವರು ಚಹಾ ಕುಡಿದು ಹೋದ ಮೇಲೆ, ಹೇಳಬೇಕಾದ್ದನ್ನೇ ಹೇಳಲಿಲ್ಲ ಅನ್ನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಂಪ್ಲಿ, ಸಂಡೂರು, ಕೊನೆಗೆ ಹೊಸಪೇಟೆ ಎಂದು ಮೂವತ್ತಕ್ಕೂ ಹೆಚ್ಚು ವರ್ಷ ನಾನು ಸಭಾಪಾಲಕನಾಗಿದ್ದೆ. ಈ ಕೆಲಸದ ಬಹುಪಾಲು ಹೇಳಿದ್ದನ್ನೇ ಮತ್ತೆ ಹೇಳುವುದು. ಪ್ರತಿ ಭಾನುವಾರ ಸಭೆಯೆಲ್ಲ ಮೊಣಕಾಲೂರಿ ಒಂದೇ ದನಿಯಲ್ಲಿ ಪಾಪದ ಅರಿಕೆ ಮಾಡುತ್ತದೆ. ನಾವು ಪಾಪ ಮಾಡಿದ್ದೇವೆ ಎಂದು ಶುರುವಾಗುವ ಪ್ರಾರ್ಥನೆ ಅದು. ಅದು ಮುಗಿದ ಮೇಲೆ ಪಾಲಕ ಎದ್ದು ನಿಂತು, ದೇವರು ನಿಮ್ಮನ್ನು ಕ್ಷಮಿಸಿದ್ದಾನೆ ಎಂಬ ಮಾತನ್ನು ಸಭೆಗೆ ಓದಿ ಹೇಳುತ್ತಾನೆ. ನಂತರ ಹಾಡು. ಇಷ್ಟಕ್ಕೆ ನಾಲ್ಕು ನಿಮಿಷ ಸಾಕು. ಅದಕ್ಕಿಂತ ಹೆಚ್ಚಾಗದಂತೆ ನಾನು ನೋಡಿಕೊಳ್ಳುತ್ತಿದ್ದೆ, ಏಕೆಂದರೆ ಕಂಪ್ಲಿಯಲ್ಲಿ ಹನ್ನೊಂದರ ಬಸ್ಸು ತಪ್ಪಿದರೆ ಸುತ್ತಲಿನ ಕ್ಯಾಂಪುಗಳಿಂದ, ಅಂದರೆ ಗದ್ದೆ ಬಯಲಿನ ಚಿಕ್ಕ ಊರುಗಳಿಂದ, ಬಂದ ಜನ ಮೂರು ಗಂಟೆಯವರೆಗೆ ಕಾಯಬೇಕಿತ್ತು. ಈಗ ಪುಸ್ತಕವೂ ಬೇಕಿಲ್ಲ, ಗೋಡೆಯ ಮೇಲಿನ ಪರದೆಯಲ್ಲಿ ಅಕ್ಷರ ಮೂಡುತ್ತವೆ, ಜನ ಓದುತ್ತಾರೆ. ನಮ್ಮ ಕಾಲಕ್ಕೆ ಪ್ರಾರ್ಥನಾ ಪುಸ್ತಕ ಇತ್ತು, ಮತ್ತು ನನ್ನ ಮೊದಲ ದೊಡ್ಡ ತಪ್ಪು ಆ ಪುಸ್ತಕದಿಂದಲೇ ಆಯಿತು.

ಕಂಪ್ಲಿಯಲ್ಲಿ ನನ್ನ ಎರಡನೆಯ ವರ್ಷ. ಕ್ರಿಸ್ಮಸ್ ಮುಗಿದು ಕೆಲವು ವಾರಗಳಾಗಿದ್ದವು. ಒಂದು ಭಾನುವಾರ ಆರಾಧನೆ ಮುಗಿದು ಜನ ಬಸ್ಸಿಗೆ ಓಡಿದರು. ನಾನು ನಿಲುವಂಗಿ ಮಡಚಿಟ್ಟು ಹೊರಗೆ ಬಂದಾಗ ಮಾರ್ತಮ್ಮ ಎಂಬ ಮುದುಕಿ ಚಾಪೆಯ ಮೇಲೆ ಕುಳಿತೇ ಇದ್ದಳು. ಗದ್ದೆಯಲ್ಲಿ ನಾಟಿ ಹಚ್ಚುವ ಕೂಲಿಯವಳು, ಓದು ಬಾರದವಳು. ಮೈ ಸರಿಯಿಲ್ಲವೇ ಎಂದು ಕೇಳಿದೆ. ಆಕೆ ಬಹಳ ಸಂಕೋಚದಿಂದ, “ಅಯ್ಯನೋರ, ಕ್ಷಮಾ ಮಾತು ಹೇಳಲಿಲ್ರಿ ನೀವು. ಮೂರು ವಾರ ಆತು,” ಎಂದಳು.

ನನಗೆ ನಗು ಬಂತು. ಪ್ರತಿ ವಾರ ಹೇಳುತ್ತೇನಲ್ಲ ಎಂದೆ. ಆಕೆ ಇಲ್ಲವೆಂದು ತಲೆಯಾಡಿಸಿದಳು. ತೋರಿಸಿಯೇ ಬಿಡೋಣವೆಂದು ಪುಸ್ತಕ ತೆರೆದೆ. ಅರಿಕೆಯ ಪುಟ ಇತ್ತು, ಮಗುಚಿದರೆ ನೇರವಾಗಿ ಹಾಡಿನ ಸೂಚನೆ ಬಂತು. ನಡುವಿನ ಎರಡು ಹಾಳೆ ಅಂಟಿಕೊಂಡಿದ್ದವು. ಕ್ರಿಸ್ಮಸ್ ದಿನ ಹಚ್ಚಿದ್ದ ಮೇಣದಬತ್ತಿ ತೊಟ್ಟಿಕ್ಕಿತ್ತು. ಮೂರು ಭಾನುವಾರ ನಾನು ಸಭೆಗೆ ಕ್ಷಮೆಯ ಮಾತು ಹೇಳಿಯೇ ಇರಲಿಲ್ಲ. ಸಭೆಯಲ್ಲಿ ಮಾಸ್ತರರಿದ್ದರು, ದಾದಿಯರಿದ್ದರು, ಆ ಪುಸ್ತಕವನ್ನು ಬಾಲ್ಯದಿಂದ ಬಾಯಿಪಾಠ ಮಾಡಿದ್ದ ಹಿರಿಯರಿದ್ದರು. ಯಾರಿಗೂ ಕೊರತೆ ಕಾಣಲಿಲ್ಲ. ಓದಿದವನಾದ ನನಗೂ ಕಾಣಲಿಲ್ಲ.

ಉಗುರಿನಿಂದ ಮೇಣ ಕೆರೆಯುತ್ತ, ನಿನಗೆ ಹೇಗೆ ತಿಳಿಯಿತು ಎಂದು ಕೇಳಿದೆ. ನೀರಿನ ನಲ್ಲಿಯ ಜಗಳದಲ್ಲಿ ನೆರೆಯವಳನ್ನು ಬಂಜೆ ಎಂದುಬಿಟ್ಟಿದ್ದಳಂತೆ. ಮಾತು ಬಾಯಿಂದ ಹೋದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಆ ಹೆಂಗಸಿನ ಕಾಲು ಹಿಡಿದು ಬಂದಿದ್ದಳು. “ಆಕಿ ಬಿಟ್ಟಾಳ್ರಿ, ಒಂದ ಕೊಡ ಹಿಡುದು ಇಬ್ಬರೂ ನೀರು ತಂದ್ವಿ. ದೇವರ ಮಾತು ಒಂದು ಬರಬೇಕಿತ್ತು. ಬರ್ತೈತಿ ಅಂತ ಮೂರು ವಾರದಿಂದ ಕಾಯಾಕತ್ತೀನಿ.”

ಆಕೆಯೊಬ್ಬಳಿಗಾಗಿ ನಾನು ಎದ್ದು ನಿಂತು ಆ ಎರಡು ಪುಟ ಓದಿದೆ. ಮಾತು ಮಾತೂ ನನಗೇ ಹೊಸದಾಗಿ ಕೇಳಿಸಿತು. ಮುಗಿದೊಡನೆ ಮಾರ್ತಮ್ಮ ಸೆರಗು ಸರಿಮಾಡಿಕೊಂಡು ಎದ್ದು, ಚಾಪೆ ಸುತ್ತಿ ಗೋಡೆಗೆ ಆನಿಸಿ, ಹೋಗಿ ಬರುತ್ತೇನೆಂದು ಹೇಳಿ ನಡೆದಳು. ಹಸಿದವಳು ಉಂಡು ಎದ್ದಂತಿತ್ತು ಆ ನಡಿಗೆ.

ಅಂದಿನಿಂದ ನಾನು ಬದಲಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ತಿಂಗಳು ಎಚ್ಚರದಿಂದ ಓದಿದೆ. ಆಮೇಲೆ ಮತ್ತೆ ನಾಲ್ಕು ನಿಮಿಷದ ಕೆಲಸವಾಯಿತು. ಹಲವು ವರ್ಷಗಳ ಮೇಲೆ ಸಂಡೂರಿಗೆ ವರ್ಗವಾಗಿ ಬಂದಾಗ ನಾನು ನುರಿತವನಾಗಿದ್ದೆ. ನುರಿತವನು ಎಂದರೆ, ನಾಲಿಗೆ ಅರಿಕೆ ಹೇಳುತ್ತಿರುವಾಗ ಕಣ್ಣು ಯಾರು ಬಂದಿಲ್ಲ ಎಂದು ನೋಡುತ್ತಿರುತ್ತದೆ.

ಸಂಡೂರಿನ ಸಭೆ ಚಿಕ್ಕದು. ತಗಡಿನ ಮಾಡಿನ ಹಾಲ್, ಕಿಟಕಿಯ ಕಟ್ಟೆಯ ಮೇಲೆ ಎಷ್ಟು ಒರೆಸಿದರೂ ಕೆಂಪು ದೂಳು. ಮುಕ್ಕಾಲು ಪಾಲು ಜನ ಗಣಿಯಲ್ಲಿ ದುಡಿದವರು. ಅವರಲ್ಲಿ ದೇವದಾನಪ್ಪ ಸಭೆಯ ಹಿರಿಯನ ಸ್ಥಾನದಲ್ಲಿದ್ದವರು. ಬೆಟ್ಟದ ಮೇಲಿನ ಒಂದು ಅದಿರಿನ ಗಣಿಯಲ್ಲಿ ಬಹಳ ವರ್ಷ ಮೇಟ್ ಆಗಿದ್ದು, ಅಂದರೆ ಕೂಲಿಗಳ ಮೇಲ್ವಿಚಾರಕನಾಗಿದ್ದು, ಆ ಗಣಿ ಮುಚ್ಚಿದ ಮೇಲೆ ಮನೆಯಲ್ಲಿದ್ದರು. ಎತ್ತರದ ಆಳು, ಕಲ್ಲಿನಂಥ ದನಿ. ಬ್ಲಾಸ್ಟಿಂಗ್ ಸದ್ದಿನ ನಡುವೆ ಕೂಗಿ ಕೂಗಿ ಬಂದ ದನಿ ಅದು. ಅರಿಕೆಯನ್ನು ಅವರೇ ಎತ್ತಿಕೊಳ್ಳುತ್ತಿದ್ದರು, ಉಳಿದವರು ಅವರ ಹಿಂದೆ ಹೋಗುತ್ತಿದ್ದರು. ಶುಭ ಶುಕ್ರವಾರಕ್ಕೆ ಮುಂಚಿನ ನಲವತ್ತು ದಿನ, ಲೆಂಟ್ ಕಾಲವೆಲ್ಲ, ಹಗಲು ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲವೆಂದು ಊರೇ ಹೇಳುತ್ತಿತ್ತು.

ಆ ವರ್ಷ ಲೆಂಟಿನ ಮೊದಲ ಭಾನುವಾರ ನಾನು ಪಶ್ಚಾತ್ತಾಪದ ಮೇಲೆ ಪ್ರಸಂಗ ಮಾಡಿದೆ. ಶನಿವಾರ ಸಂಜೆ ಅವಸರದಲ್ಲಿ ಬರೆದ ಪ್ರಸಂಗ. ಉದಾಹರಣೆ ಬೇಕಿತ್ತು. ಮುಂದಿನ ಸಾಲಿನಲ್ಲೇ ಕುಳಿತಿದ್ದರಲ್ಲ, ದೇವದಾನಪ್ಪನವರನ್ನು ತೋರಿಸಿ, ಪಶ್ಚಾತ್ತಾಪ ಎಂದರೇನು ಎಂದು ತಿಳಿಯಬೇಕಾದರೆ ಇವರನ್ನು ನೋಡಿ ಎಂದುಬಿಟ್ಟೆ. ಅವರು ತಲೆ ತಗ್ಗಿಸಿದರು. ಅದನ್ನು ನಾನು ವಿನಯ ಎಂದುಕೊಂಡೆ.

ಪ್ರಸಂಗದ ನಂತರ ಅರಿಕೆ. ಎಲ್ಲರೂ ಮೊಣಕಾಲೂರಿದರು. ನಾನು ಮೊದಲ ಮಾತು ಹೇಳಿದೆ, ಸಭೆ ಹಿಂಬಾಲಿಸಲು ಹೋಯಿತು, ಆದರೆ ಹಿಂಬಾಲಿಸಲು ದನಿಯೇ ಇರಲಿಲ್ಲ. ದೇವದಾನಪ್ಪ ಬಾಯಿ ತೆರೆದಿರಲಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಎರಡು ಪದ ಗೊಣಗಿ ತಡವರಿಸಿ ನಿಂತರು. ವಾರ ವಾರ ಹೇಳಿದ ಪ್ರಾರ್ಥನೆ ಯಾರ ಬಾಯಿಗೂ ಸಿಗಲಿಲ್ಲ. ಕೊನೆಗೆ ನಾನೊಬ್ಬನೇ ಹೇಳುತ್ತಿದ್ದೆ. ನನ್ನ ದನಿಯನ್ನು ನಾನೇ ಕೇಳಿಸಿಕೊಂಡಾಗ ನನಗೂ ಮುಂದಿನ ಸಾಲು ಮರೆತುಹೋಯಿತು. ತಗಡಿನ ಮೇಲೆ ಬಿಸಿಲಿಗೆ ಟಪಟಪ ಸದ್ದಾಗುತ್ತಿತ್ತು. ಹೇಗೋ ಪುಸ್ತಕ ನೋಡಿ ಮುಗಿಸಿದೆ.

ಅಂದು ಕರ್ತನ ಭೋಜನದ ದಿನ. ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳಲು ಒಬ್ಬೊಬ್ಬರೇ ಮುಂದೆ ಬಂದರು. ದೇವದಾನಪ್ಪ ಬರಲಿಲ್ಲ. ಕುಳಿತಲ್ಲೇ ಕುಳಿತಿದ್ದು, ಎಲ್ಲ ಮುಗಿಯುವ ಮುಂಚೆ ಎದ್ದು ಹೋದರು.

ಮರುದಿನ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, ಏನೂ ಇಲ್ಲ ಎಂದರು. ಅದಕ್ಕಿಂತ ಆಶ್ಚರ್ಯವೆಂದರೆ, ಮಂಗಳವಾರ ಅವರು ಬಸ್ ನಿಲ್ದಾಣದ ಹೋಟೆಲಿನಲ್ಲಿ ಕುಳಿತು ಇಡ್ಲಿ ತಿಂದರೆಂದು ಸಭೆಯ ಹೆಂಗಸರು ನನ್ನ ಹೆಂಡತಿ ಕರುಣಾಗೆ ಬಂದು ಹೇಳಿದರು. ಲೆಂಟಿನಲ್ಲಿ, ಹಾಡುಹಗಲು, ದೇವದಾನಪ್ಪ.

ಗುರುವಾರ ಮಧ್ಯಾಹ್ನ ಅವರೇ ಬಂದರು. ಚರ್ಚಿನ ಪಕ್ಕದ ಚಿಕ್ಕ ಕೋಣೆಯಲ್ಲಿ ಕುಳಿತೆವು. ಅವರು ಹನುಮಂತನ ವಿಷಯ ಹೇಳಿದರು.

ಹನುಮಂತ ಬಂಡ್ರಿಯವನು, ಅವರ ಕೈಕೆಳಗೆ ಕಲ್ಲು ಒಡೆಯುವ ಕೂಲಿ. ಆಗಿನ ಗಣಿಯಲ್ಲಿ ಮಧ್ಯಾಹ್ನ ಮದ್ದು ಸಿಡಿಸುವ ಮೊದಲು ಮೇಟ್ ಆದವನು ಕೆಳಗಿನ ಮೂಲೆಯವರೆಗೂ ನಡೆದುಹೋಗಿ ಯಾರೂ ಉಳಿದಿಲ್ಲವೆಂದು ಕಣ್ಣಾರೆ ನೋಡಬೇಕು, ಆಮೇಲೆ ಮೂರು ಸಲ ಸೀಟಿ ಊದಬೇಕು. ದೇವದಾನಪ್ಪ ಹಲವು ವರ್ಷ ಹಾಗೆಯೇ ನಡೆದಿದ್ದರು. ಒಂದು ದಿನವೂ ಯಾರೂ ಉಳಿದದ್ದು ಸಿಕ್ಕಿರಲಿಲ್ಲ. ಬರಬರುತ್ತ ನಡೆಯುತ್ತಿದ್ದರು, ನೋಡುತ್ತಿರಲಿಲ್ಲ. ಅಂದು ಬಿಸಿಲು ಹೆಚ್ಚಿತ್ತೆಂದು ನಡೆಯಲೂ ಇಲ್ಲ. ಮರದ ನೆರಳಲ್ಲಿ ನಿಂತೇ ಸೀಟಿ ಊದಿದರು. ಹನುಮಂತ ಮರೆತ ಹಾರೆ ತರಲು ಕೆಳಗಿನ ಮೂಲೆಗೆ ಹೋಗಿದ್ದ. ಗಾಳಿ ಎದುರಾಗಿದ್ದರಿಂದ ಸೀಟಿ ಅವನಿಗೆ ಕೇಳಿಸಲಿಲ್ಲ.

ವಿಚಾರಣೆಯಲ್ಲಿ ದೇವದಾನಪ್ಪ, ತಾನು ಸುತ್ತು ಹಾಕಿ ನೋಡಿದ್ದೆ, ಆತ ಕುಡಿದಿದ್ದ, ಬೇಡವೆಂದರೂ ಒಳಗೆ ನುಗ್ಗಿದ ಎಂದು ಹೇಳಿದರು. ಉಳಿದ ಕೂಲಿಗಳು ಅವರ ಮಾತನ್ನು ಮೀರಲಿಲ್ಲ. ಹನುಮಂತ ಜೀವನದಲ್ಲಿ ಹೆಂಡ ಮುಟ್ಟಿದವನಲ್ಲ. ಅವನ ಹೆಂಡತಿ ಹುಲಿಗೆಮ್ಮ ಕುಡುಕನ ಹೆಂಡತಿ ಎನ್ನಿಸಿಕೊಂಡು ಬಂಡ್ರಿಯಲ್ಲಿ ಉಳಿದಳು. ಆ ವರ್ಷದ ಲೆಂಟಿನಿಂದ ದೇವದಾನಪ್ಪನ ಕಠಿಣ ಉಪವಾಸ ಶುರುವಾಯಿತು.

“ವಾರಾ ವಾರಾ ಹೇಳತಿದ್ದೆ ಅಯ್ಯನೋರ, ನಾವು ಪಾಪ ಮಾಡೀವಿ ಅಂತ,” ಎಂದರು. “ಎಲ್ಲಾರಿಗಿಂತ ಜೋರಾಗಿ ಹೇಳತಿದ್ದೆ. ಆ ‘ನಾವು’ ಅನ್ನೋದರೊಳಗ ಅಡಗಿ ಕುಂತಿದ್ದೆ ನಾನು. ಅವತ್ತು ನೀವು ಬಟ್ಟು ಮಾಡಿ ತೋರಿಸಿದ್ರಿ. ಒಬ್ಬನ್ನ ಹೊರಗ ಎಳದಂಗಾತು.”

ನಾನು ಆಗ ಮಾಡಿದ ಕೆಲಸವನ್ನು ಹೊಸಬರು ಚೆನ್ನಾಗಿ ನೆನಪಿಡಬೇಕು. ಅವರ ಕೈ ಹಿಡಿದೆ, ಕಣ್ಣು ಮುಚ್ಚಿದೆ, ಕ್ಷಮೆಯ ಮಾತು ಹೇಳಲು ಬಾಯಿ ತೆರೆದೆ. ಅಷ್ಟು ವರ್ಷಗಳ ಅಭ್ಯಾಸ, ಅರಿಕೆ ಕೇಳಿಸಿದೊಡನೆ ಕ್ಷಮೆ ತಾನಾಗಿ ಬರುತ್ತಿತ್ತು. ದೇವದಾನಪ್ಪ ಕೈ ಬಿಡಿಸಿಕೊಂಡರು.

“ಜಲ್ದಿ ಮಾಡಬ್ಯಾಡ್ರಿ ಅಯ್ಯನೋರ.”

ಉಪವಾಸ ಬಿಟ್ಟದ್ದು ಯಾಕೆ ಎಂದು ಕೇಳಿದೆ. ಹೊಟ್ಟೆ ಖಾಲಿಯಿದ್ದರೆ ಮನಸ್ಸು ಹಗುರ ಅನ್ನಿಸುತ್ತದೆ, ಇಪ್ಪತ್ತು ವರ್ಷ ಹಾಗೆ ಹಗುರ ಮಾಡಿಕೊಂಡೇ ಬಂದೆ, ಈಗ ಹಗುರ ಆಗಬಾರದು ಎಂದರು. ಬಂಡ್ರಿಗೆ ಹೋಗಿ ಆ ಹೆಂಗಸಿಗೆ ಹೇಳಬೇಕೆಂದಿದ್ದರು. ನಾನು ಜೊತೆಗೆ ಬರುತ್ತೇನೆಯೇ ಎಂದು ಕೇಳಲು ಬಂದಿದ್ದರು.

ನಾನು ತಡೆದೆ. ಹಳೆಯ ಗಾಯ, ಆಕೆ ಹೇಗೋ ಬದುಕಿಕೊಂಡಿದ್ದಾಳೆ, ಈಗ ಕೆದಕಿದರೆ ಆಕೆಗೇ ನೋವು ಎಂದೆಲ್ಲ ಹೇಳಿದೆ. ಮೇಲಿನವರನ್ನು ಒಂದು ಮಾತು ಕೇಳುತ್ತೇನೆ, ಅಲ್ಲಿಯವರೆಗೆ ತಾಳಿ ಎಂದೆ. ಅವರು ತಲೆಯಾಡಿಸಿ ಎದ್ದುಹೋದರು.

ನಮ್ಮ ಸಭೆಗಳ ಮೇಲ್ವಿಚಾರಕರು ಕೆಟ್ಟವರಲ್ಲ. ದೊಡ್ಡ ಪಂಡಿತರು, ನನಗೆ ಕಷ್ಟದಲ್ಲಿ ನೆರವಾದವರು. ಆ ವಾರ ಪರ ಊರಿನ ಅತಿಥಿಗಳಿಗೆ ಹಂಪಿ ತೋರಿಸಲು ಬಂದಿದ್ದರು. ನಾನು ಅಲ್ಲಿಗೇ ಹೋದೆ. ಅತಿಥಿಗಳು ಗೋಪುರದ ಫೋಟೋ ತೆಗೆಯುತ್ತಿರುವಾಗ ಹಂಪಿ ಬಜಾರಿನ ಒಂದು ಮಂಟಪದ ನೆರಳಲ್ಲಿ ನಿಂತು ವಿಷಯ ತಿಳಿಸಿದೆ, ಹೆಸರು ಮಾತ್ರ ಹೇಳಲಿಲ್ಲ. ಅವರು ಗಾಬರಿಯಾದರು. ಪೊಲೀಸು, ಪತ್ರಿಕೆ, ಸಭೆಯ ಮರ್ಯಾದೆ ಎಂದು ಒಂದೊಂದಾಗಿ ಎಣಿಸಿದರು. ದೇವರ ಮುಂದೆ ಅರಿಕೆ ಮಾಡಿದ್ದಾನೆ, ನೀವು ಪ್ರಾರ್ಥನೆ ಮಾಡಿ ಮುಗಿಸಿಬಿಡಿ ಎಂದರು. ನನಗೆ ಬೇಕಿದ್ದ ಮಾತೇ ಸಿಕ್ಕಿತ್ತು. ಮನೆಗೆ ಬಂದು ಎರಡು ವಾರ ಸುಮ್ಮನಿದ್ದೆ.

ದೇವದಾನಪ್ಪ ಆ ಎರಡು ಭಾನುವಾರವೂ ಬಂದು ಕೊನೆಯ ಸಾಲಿನಲ್ಲಿ ಕುಳಿತರು. ಅರಿಕೆಗೆ ಬಾಯಿ ತೆರೆಯಲಿಲ್ಲ. ನನಗೆ ಅವರ ಕಡೆ ನೋಡಲು ಆಗುತ್ತಿರಲಿಲ್ಲ. ನನ್ನ ಚಡಪಡಿಕೆ ನೋಡಿ ಕರುಣಾ ಒಂದು ದಿನ ಏನೆಂದು ಕೇಳಿದಳು. ವಿವರ ಹೇಳಲಿಲ್ಲ. ಒಬ್ಬ ಮನುಷ್ಯ ಸತ್ಯ ಹೇಳಲು ಹೊರಟಿದ್ದಾನೆ, ನಾನು ಪ್ರಾರ್ಥನೆ ಮಾಡೋಣ ಬನ್ನಿ ಎನ್ನುತ್ತಿದ್ದೇನೆ ಎಂದಷ್ಟೇ ಹೇಳಿದೆ. ಆಕೆ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ, “ಪ್ರಾರ್ಥನಿ ಮಾಡಿ ಒಬ್ಬರ ಬಾಯಿ ಮುಚ್ಚಸತಾರೇನ್ರಿ?” ಎಂದಳು.

ಮರುದಿನ ಬೆಳಿಗ್ಗೆ ದೇವದಾನಪ್ಪನ ಮನೆಗೆ ಹೋಗಿ, ನನ್ನದು ತಪ್ಪಾಯಿತು ಎಂದೆ. ಅವರು ಅಂಗಿ ತೊಟ್ಟು ಸಿದ್ಧರಾಗಿದ್ದರು. ನಾನು ಬರಲಿ ಬಿಡಲಿ, ಅಂದು ಹೊರಡುವವರೇ ಇದ್ದರು. ಒಂಬತ್ತರ ಬಸ್ಸಿಗೆ ಇಬ್ಬರೂ ಬಂಡ್ರಿಗೆ ಹೋದೆವು.

ಹುಲಿಗೆಮ್ಮ ಮನೆಯ ಮುಂದೆ ಕುಳಿತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಐವತ್ತು ದಾಟಿದ ಬಡಕಲು ಹೆಂಗಸು. ಗುರುತು ಹಿಡಿದು, “ಮೇಟ್ ದೇವದಾನಪ್ಪ ಅಲ್ಲೇನ್ರಿ? ಬರ್ರಿ, ಕುಂದ್ರಿ,” ಎಂದು ಗೋಣಿಚೀಲ ಹಾಸಿದಳು. ಅವರು ಕೂರಲಿಲ್ಲ. ನಿಂತೇ ಹೇಳಿದರು. ಸುತ್ತಿ ಬಳಸಲಿಲ್ಲ, ಅಳಲಿಲ್ಲ, ಬಿಸಿಲಿನ ಮಾತು ಕೂಡ ಎತ್ತಲಿಲ್ಲ. ನಾನು ಹೋಗಿ ನೋಡಲಿಲ್ಲ, ನಿಂತಲ್ಲೇ ಸೀಟಿ ಊದಿದೆ, ನಿನ್ನ ಗಂಡ ಕುಡಿದಿರಲಿಲ್ಲ, ಕುಡಿದಿದ್ದ ಎಂದು ನಾನು ಸುಳ್ಳು ಹೇಳಿದೆ. ಇಷ್ಟೇ. ಕ್ಷಮಿಸು ಎಂದೂ ಕೇಳಲಿಲ್ಲ. ಆಮೇಲೆ ಯಾಕೆ ಕೇಳಲಿಲ್ಲ ಎಂದಾಗ, ಕೇಳಿದರೆ ಆಕೆ ಏನಾದರೂ ಕೊಡಬೇಕಾಗುತ್ತದೆ, ಕೊಡಲು ಬಂದವನು ನಾನು ಎಂದಿದ್ದರು.

ಜಜ್ಜುವ ಕಲ್ಲು ಆಕೆಯ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು ಮಾತಾಡಿದಳು. ಅಷ್ಟರಲ್ಲಿ ‘ರೀ’ ಹೋಗಿತ್ತು.

“ಆತ ಕುಡುದಿದ್ದಿಲ್ಲ ಅಂತ ಅವತ್ತ ಗೊತ್ತಿತ್ತು ನಿನಗ?”

“ಗೊತ್ತಿತ್ತವ್ವ.”

“ನಾನೂ ನಂಬಿದ್ನಲ್ಲೋ,” ಎಂದಳು. “ಮನ್ಯಾಗ ಮುಟ್ಟದಾತ ಅಲ್ಲಿ ಕುಡೀತಿದ್ದ, ನನಗ ಮುಚ್ಚಿಟ್ಟಿದ್ದ ಅಂತ ಸಿಟ್ಟು ಬಂದು, ಇಷ್ಟು ವರ್ಷ ಆತಗ ಎಡಿ ಇಟ್ಟಿಲ್ಲ ನಾನು.”

ನಮ್ಮ ಕಡೆ ಮಹಾನವಮಿಯ ಮುಂಚಿನ ಅಮಾವಾಸ್ಯೆಗೆ ಮನೆಯಲ್ಲಿ ಸತ್ತುಹೋದವರ ಹೆಸರಲ್ಲಿ ಅಡಿಗೆ ಮಾಡಿ ಎಡೆ ಇಡುತ್ತಾರೆ. ಇಪ್ಪತ್ತು ವರ್ಷ ಆ ಮನೆಯಲ್ಲಿ ಹನುಮಂತನಿಗೆ ಒಂದು ತುತ್ತು ಇಟ್ಟಿರಲಿಲ್ಲ. ದೇವದಾನಪ್ಪ ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದವರು ಅದನ್ನು ಕೇಳಿ ನೆಲಕ್ಕೆ ಕುಸಿದು ಕುಳಿತರು. ತಾನು ಮಾಡಿದ್ದು ಎಷ್ಟು ದೂರ ಹೋಗಿದೆ ಎಂದು ಅವರಿಗೆ ತಿಳಿದದ್ದು ಆಗಲೇ.

ಹುಲಿಗೆಮ್ಮ ಅವರನ್ನು ಎಬ್ಬಿಸಲಿಲ್ಲ, ಬೈಯಲೂ ಇಲ್ಲ. ನನ್ನ ಮುಂದೆ ಹೇಳಿದರೆ ಮುಗಿಯಲಿಲ್ಲ, ಊರೇ ಆತನನ್ನು ಕುಡುಕ ಅಂದಿದೆ, ಅದು ಸುಳ್ಳೆಂದು ಊರ ಮುಂದೆ ಹೇಳು ಎಂದಳು. ಜನ ಹೊಲದಿಂದ ಬರುವುದು ಸಂಜೆಗೆ. ಅಲ್ಲಿಯವರೆಗೆ ನಾವಿಬ್ಬರೂ ಕಟ್ಟೆಯ ಬೇವಿನ ಮರದಡಿ ಕುಳಿತೆವು. ನಾನು ಒಂದೆರಡು ಸಲ ಮಾತು ಎತ್ತಿ ಬಿಟ್ಟೆ. ನನ್ನ ವೃತ್ತಿಯಲ್ಲಿ ಹೇಳಲು ಮಾತಿಲ್ಲದೆ ಅಷ್ಟು ಹೊತ್ತು ಒಬ್ಬರ ಪಕ್ಕ ಕುಳಿತದ್ದು ಅದೇ ಮೊದಲು.

ಸಂಜೆ ಜನ ಸೇರಿದರು. ಹುಲಿಗೆಮ್ಮ ಒಂದು ಬದಿಗೆ ನಿಂತಳು. ದೇವದಾನಪ್ಪ ಎದ್ದು, ಬೆಳಿಗ್ಗೆ ಹೇಳಿದ್ದನ್ನೇ ಹೇಳಿದರು. ಅದೇ ದೊಡ್ಡ ದನಿ, ಆದರೆ ಈ ಸಲ ಹಿಂದೆ ಬರುವವರು ಯಾರೂ ಇರಲಿಲ್ಲ, ಪ್ರತಿ ವಾಕ್ಯದಲ್ಲೂ ‘ನಾನು’ ಇತ್ತು. ಮುಗಿಯುವಷ್ಟರಲ್ಲಿ ಹನುಮಂತನ ತಮ್ಮ ಓಬಳೇಶ ಬಂದು ಅವರ ಕೊರಳಪಟ್ಟಿ ಹಿಡಿದ. ಗುಂಡಿ ಕಿತ್ತು ಬಿತ್ತು. ನಾನು ನಡುವೆ ಹೋಗಲು ಎದ್ದೆ. ದೇವದಾನಪ್ಪ ಕೈ ಅಡ್ಡ ತರಲಿಲ್ಲ.

ಹುಲಿಗೆಮ್ಮ ನಿಂತಲ್ಲಿಂದಲೇ, “ಬಿಡು ಓಬಳೇಶ,” ಎಂದಳು. “ಇಷ್ಟು ವರ್ಷ ನಾವೇನು ಬ್ಯಾರೆ ಅಂದೀವಿ?”

ಓಬಳೇಶನ ಕೈ ಸಡಿಲಾಯಿತು. ಆಗ ಕಟ್ಟೆಯ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಹನುಮಂತನ ಜೊತೆ ಅದೇ ಗಣಿಯಲ್ಲಿ ದುಡಿದವನಂತೆ. “ನನಗೂ ಗೊತ್ತಿತ್ತು,” ಎಂದ. “ನಾ ಸುಮ್ಮನಿದ್ದೆ.” ಅವನಾದ ಮೇಲೆ ಒಬ್ಬ ಹೆಂಗಸು, ನೀರಿನ ಕಟ್ಟೆಯ ಹತ್ತಿರ ಹುಲಿಗೆಮ್ಮನಿಗೆ ತಾನು ಆಡಿದ ಒಂದು ಮಾತನ್ನು ನೆನೆದು ಹೇಳಿದಳು. ಮತ್ತೊಬ್ಬ, ಇನ್ನೊಬ್ಬ. ಯಾರ ಕೈಯಲ್ಲೂ ಪುಸ್ತಕವಿರಲಿಲ್ಲ. ಮೊಣಕಾಲೂರಿ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಧರ್ಮದವರೂ ಅಲ್ಲ ಅವರು. ಅಲ್ಲಿ ಒಬ್ಬೊಬ್ಬರೂ ‘ನಾನು’ ಎಂದೇ ಶುರುಮಾಡುತ್ತಿದ್ದರು. ನಾನು ಚಪ್ಪಲಿ ಕಳಚಿ ನಿಂತೆ. ಯಾಕೆ ಕಳಚಿದೆ ಎಂದು ಯೋಚಿಸಲಿಲ್ಲ.

ಮಾನಸಾಂತರ, ಅಂದರೆ ಪಶ್ಚಾತ್ತಾಪದಿಂದ ಮನಸ್ಸು ತಿರುಗುವುದು, ಎಂಬ ಪದವನ್ನು ನಾನು ಎಷ್ಟು ಸಾವಿರ ಸಲ ಬಳಸಿದ್ದೆನೋ ಲೆಕ್ಕವಿಲ್ಲ. ಅದರ ಮೂಲ, ವ್ಯುತ್ಪತ್ತಿ, ಮೂರು ಹಂತ, ಎಲ್ಲ ಕಲಿತಿದ್ದೆ, ಕಲಿಸಿದ್ದೆ. ಅದನ್ನು ಕಣ್ಣಿಂದ ಕಂಡದ್ದು ಬಂಡ್ರಿಯ ಕಟ್ಟೆಯ ಮೇಲೆ. ಹುಲಿಗೆಮ್ಮ ಮನೆಗೆ ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ನಾವು ಕೊನೆಯ ಬಸ್ಸಿಗೆ ಸಂಡೂರಿಗೆ ಮರಳಿದೆವು.

ಮುಂದಿನ ವಾರ ದೇವದಾನಪ್ಪ ಪೊಲೀಸ್ ಠಾಣೆಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟರು. ಕರೆದಾಗಲೆಲ್ಲ ಹೋಗಿ ಕುಳಿತು ಬಂದರು. ಗಣಿ ಮುಚ್ಚಿ ಬಹಳ ಕಾಲವಾಗಿತ್ತು, ಹಳೆಯ ಕಾಗದಗಳು ಎಲ್ಲಿವೆಯೋ ಯಾರಿಗೂ ಗೊತ್ತಿರಲಿಲ್ಲ. ಪ್ರಕರಣ ಮುಂದೆ ಹೋಗಲಿಲ್ಲ. ಸಭೆಯಲ್ಲಿ ಅವರು ಹಿರಿಯನ ಸ್ಥಾನ ಬಿಟ್ಟರು. ಕೆಲವರು ಅವರೊಡನೆ ಮಾತು ಬಿಟ್ಟರು. ಈಸ್ಟರ್ ಬಂತು, ಹೋಯಿತು. ಆಗಲೂ ಅವರು ಕರ್ತನ ಭೋಜನಕ್ಕೆ ಬರಲಿಲ್ಲ. ನಾನು ಬನ್ನಿ ಎಂದು ಕರೆಯಲಿಲ್ಲ. ಅಷ್ಟು ಮಾತ್ರ ಕಲಿತಿದ್ದೆ.

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಓಬಳೇಶ ಬೈಕಿನಲ್ಲಿ ಸಂಡೂರಿಗೆ ಬಂದ. ದೇವದಾನಪ್ಪನ ಮನೆ ಗೊತ್ತಿಲ್ಲದೆ ಚರ್ಚಿಗೇ ಬಂದಿದ್ದ. ನಾಳೆ ಅಮಾವಾಸ್ಯೆ, ಈ ವರ್ಷ ಅಣ್ಣನಿಗೆ ಎಡೆ ಇಡುತ್ತೇವೆ, ಅತ್ತಿಗೆ ದೇವದಾನಪ್ಪನನ್ನು ಊಟಕ್ಕೆ ಬರಹೇಳಿದ್ದಾಳೆ ಎಂದ. ತನಗೆ ಇದು ಅಷ್ಟು ಇಷ್ಟವಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು. ಆದರೂ ಬಂದಿದ್ದ.

ದೇವದಾನಪ್ಪ ನನ್ನ ಬಳಿ ಬಂದರು. ಅವರ ಕಷ್ಟ ನನಗೆ ಅರ್ಥವಾಯಿತು. ಸತ್ತವರಿಗೆ ಎಡೆಯಿಟ್ಟ ಅನ್ನವನ್ನು ನಮ್ಮ ಸಭೆಗಳಲ್ಲಿ ಮುಟ್ಟುವುದಿಲ್ಲ. ಅಜ್ಜನ ಕಾಲದಿಂದ ಬಂದ ಕಟ್ಟುಪಾಡು. ನೆರೆಮನೆಯವರು ಪ್ರೀತಿಯಿಂದ ತಂದರೂ ತೆಗೆದುಕೊಂಡು ಹಸುವಿಗೆ ಹಾಕುವವರು ನಾವು. ಅವರೂ ಬದುಕಿಡೀ ಹಾಗೆಯೇ ಮಾಡಿದ್ದರು. ನಾನು ಪುಸ್ತಕ ತೆರೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಹೋಗೋಣ ನಡೀರಿ ಎಂದೆ. ಆ ಊಟಕ್ಕಾಗಿ ಮೇಲಿನವರಿಗೆ ನಾನು ಎರಡು ಪುಟ ವಿವರಣೆ ಬರೆದುಕೊಡಬೇಕಾಯಿತು. ಒಂದು ವರ್ಷದೊಳಗೆ ಹೊಸಪೇಟೆಗೆ ವರ್ಗವೂ ಆಯಿತು. ವಿವರಣೆಯಲ್ಲಿ ನಾನು ಏನು ಬರೆದೆನೋ ಈಗ ನೆನಪಿಲ್ಲ, ಊಟ ಪೂರ್ತಿ ನೆನಪಿದೆ.

ಮರುದಿನ ಮಧ್ಯಾಹ್ನ ಬಂಡ್ರಿಗೆ ಹೋದೆವು. ಒಳಮನೆಯ ಗೋಡೆಗೆ ಆನಿಸಿ ಹೊಸ ಪಂಚೆ, ಒಂದು ಟವೆಲು ಇಟ್ಟಿದ್ದರು. ಅದರ ಮುಂದೆ ಬಾಳೆ ಎಲೆ. ಎಲೆಯ ಮೇಲೆ ಹೋಳಿಗೆ, ಅನ್ನ, ಸಾರು, ಬದನೆಕಾಯಿ ಪಲ್ಯ, ಒಂದು ಕಡೆ ಚಹಾ ಲೋಟ. ಹನುಮಂತನಿಗೆ ಚಹಾ ಎಂದರೆ ಜೀವವಂತೆ. ಆ ಎಲೆಯ ಎದುರಿಗೇ ಇನ್ನೊಂದು ಎಲೆ ಹಾಕಿ ಹುಲಿಗೆಮ್ಮ ದೇವದಾನಪ್ಪನನ್ನು ಕೂರಿಸಿದಳು. ಪಕ್ಕದಲ್ಲಿ ನನಗೆ. ಓಬಳೇಶ ಬಾಗಿಲಲ್ಲಿ ನಿಂತಿದ್ದ.

ಹುಲಿಗೆಮ್ಮ ತಾನೇ ಬಡಿಸಿದಳು. ಮೊದಲು ಗಂಡನ ಎಲೆಗೆ, ಆಮೇಲೆ ಅದೇ ಪಾತ್ರೆಯಿಂದ ದೇವದಾನಪ್ಪನ ಎಲೆಗೆ. ಅವರು ಹೋಳಿಗೆಯ ತುಂಡು ಮುರಿದರು, ಎತ್ತಲು ಆಗಲಿಲ್ಲ. ಗಣಿಯಲ್ಲಿ ಹಾರೆ ಹಿಡಿದು ಗಂಟು ಕಟ್ಟಿದ ಆ ದೊಡ್ಡ ಕೈ ಎಲೆಯ ಮೇಲೆ ಹಾಗೇ ಉಳಿಯಿತು. ನಾನೂ ಕೈ ನಿಲ್ಲಿಸಿದೆ. ಆಕೆ ಪಾತ್ರೆ ಕೆಳಗಿಟ್ಟು ಅವರ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತಳು.

“ಉಣ್ಣೋ ಯಣ್ಣಾ,” ಎಂದಳು. “ಆತನೂ ಉಣ್ಣಾಕತ್ತಾನ.”

ದೇವದಾನಪ್ಪ ಉಂಡರು. ನಾನೂ ಉಂಡೆ.